ಹ್ಞೂಂ ಅನ್ನದೆ ನೀರು ಬಿಡಬಾರದು

ಕಿನು ಹುಟ್ಟಿದ ಊರಿನ ಬಿಸಿನೀರಿನ ಮನೆಗೆ ಬೋರ್ಡೂ ಇಲ್ಲ, ಕಾಯುವವರೂ ಇಲ್ಲ. ಬೆಟ್ಟದ ಬುಡದಲ್ಲಿ ಒಂದು ಹಳೇ ಮರದ ಕಟ್ಟಡ, ಅಷ್ಟೇ. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ನಡುವೆ ಹಲಗೆಯ ಗೋಡೆ. ಗೋಡೆ ಮಾಡಿನವರೆಗೆ ಹೋಗುವುದಿಲ್ಲವಾದ್ದರಿಂದ ಆಚೆ ಕೆಮ್ಮಿದ್ದು ಈಚೆ ಕೇಳುತ್ತದೆ. ಬೆಟ್ಟದಿಂದ ಇಳಿಯುವ ನೀರು ಮೊಟ್ಟೆ ಬೇಯುವಷ್ಟು ಬಿಸಿ. ಅದು ಮರ ಕೊರೆದು ಮಾಡಿದ ದೋಣಿಯಲ್ಲಿ ಹರಿದು ಎರಡೂ ಕೊಳಕ್ಕೆ ಸಣ್ಣಗೆ ಬೀಳುತ್ತಿರುತ್ತದೆ. ಹೆಂಗಸರ ಕಡೆ ದೋಣಿಗೆ ಒಂದು ಅಡ್ಡಹಲಗೆ. ತಮ್ಮ ಕೊಳ ಕಾದು ತಾಳಲಾರದಾದಾಗ ಹೆಂಗಸರು ಅದನ್ನು ಒತ್ತುತ್ತಾರೆ. ಆಗ ಅಷ್ಟೂ ನೀರು ಗಂಡಸರ ಕಡೆ ಧುಮುಕುತ್ತದೆ.

ಅದಕ್ಕೇ ಊರಲ್ಲಿ ಒಂದು ಕಟ್ಟಳೆ. ಹಲಗೆ ಒತ್ತುವ ಮೊದಲು ನೀರಿನ ಪರವಾಗಿ "ಬರ್ಲಾ?" ಎಂದು ಕೂಗಬೇಕು. ಆಚೆಯವರು ದೋಣಿಯ ಬಾಯಿಂದ ದೂರ ಸರಿದು "ಹ್ಞೂಂ" ಅನ್ನಬೇಕು. ಹ್ಞೂಂ ಅನ್ನದೆ ನೀರು ಬಿಡಬಾರದು. ಅಂದಮೇಲೆ ಬಿಟ್ಟವರ ತಪ್ಪಿಲ್ಲ. ಇಲ್ಲಿ ಮಕ್ಕಳು ಮಾತು ಕಲಿಯುವ ಹೊತ್ತಿಗೇ ಇದನ್ನೂ ಕಲಿಯುತ್ತಾರೆ.

ಎಪ್ಪತ್ತು ತುಂಬಿದಾಗ ಏನು ಬೇಕು ಎಂದು ಅಳಿಯ ಕೇಳಿದ್ದಕ್ಕೆ ಕಿನು ಕೇಳಿದ್ದು ಈ ನೀರನ್ನು. ಬೆಳಿಗ್ಗೆ ಹೊರಟು ಸಂಜೆಗೆ ಪಟ್ಟಣಕ್ಕೆ ವಾಪಸು. ಅಳಿಯ ತೆತ್ಸುಜಿ ದಾರಿಯುದ್ದಕ್ಕೂ ವಿಚಾರಿಸಿಕೊಂಡೇ ಬಂದ. "ಅತ್ತೆ, ಚಳಿ ಆಗ್ತಿದ್ಯಾ? ಅತ್ತೆ, ಕಾಲು ಚಾಚಿ ಕೂತ್ಕೊಳಿ." ಬೀದಿಯ ಹೆಂಗಸರೆಲ್ಲ ಹೊಟ್ಟೆ ಉರಿದುಕೊಳ್ಳುವಂಥ ಅಳಿಯ. ಕಿನು ಕೂಡ ಹೋದಲ್ಲಿ ಬಂದಲ್ಲಿ ಅವನನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದಳು. ಕಾರಿನ ಹಿಂದಿನ ಸೀಟಿನಲ್ಲಿ ಮಗಳು ಚಿಹೊ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು.

"ಚಿಹೊಗೆ ಶೀತ, ಅತ್ತೆ. ಅವಳು ನೀರಿಗಿಳಿಯಲ್ಲ, ಬೆಂಚ್ ಮೇಲೆ ಕೂತಿರ್ತಾಳೆ," ಎಂದ ತೆತ್ಸುಜಿ ಬಾಗಿಲಲ್ಲಿ ಬೂಟು ಬಿಚ್ಚುತ್ತ. "ಅಲ್ವೇನೇ?"

"ಹ್ಞೂಂ," ಎಂದಳು ಚಿಹೊ.

ಗಂಡಸರ ಕಡೆ ಅವನ ಬೂಟು ಬಿಟ್ಟರೆ ಬೇರೆ ಯಾರದೂ ಇರಲಿಲ್ಲ. ಹೆಂಗಸರ ಕಡೆ ಕಿನುವಿನ ಬಾಲ್ಯದ ಗೆಳತಿ ಮಸು ಒಬ್ಬಳೇ ಕತ್ತಿನವರೆಗೆ ನೀರಲ್ಲಿ ಮುಳುಗಿದ್ದಳು.

"ಇನ್ನೂ ಸತ್ತಿಲ್ವೇನೇ ನೀನು?" ಎಂದಳು ಮಸು.

"ನಿನ್ನ ಕಳಿಸಿಯೇ ಹೋಗೋದು," ಎಂದಳು ಕಿನು. ನಗುತ್ತಲೇ ಬಟ್ಟೆ ಬಿಚ್ಚಿ ತಿರುಗಿದರೆ ಮಗಳು ಕೋಟಿನ ಗುಂಡಿಯನ್ನೂ ಬಿಚ್ಚದೆ ನಿಂತಿದ್ದಳು. ಎಷ್ಟೋ ವರ್ಷದಿಂದ ಇದೇ ಕತೆ. ಅಮ್ಮನ ಜೊತೆ ಸ್ನಾನವೆಂದರೆ ಒಮ್ಮೆ ಶೀತ, ಒಮ್ಮೆ ತಲೆನೋವು. ಕಿನುವಿಗೆ ರೇಗಿತು.

"ಹೆತ್ತವಳ ಮುಂದೆ ಎಂಥ ನಾಚಿಕೆಯೇ? ನನ್ನ ಬೆನ್ನು ತಿಕ್ಕೋರು ಯಾರು? ಬಿಚ್ಚು."

ಬೇಡ ಬೇಡವೆಂದರೂ ಬಿಡದೆ ತಾನೇ ಅಂಗಿ ಎಳೆದಳು. ಎಳೆದ ಕೈ ಅಲ್ಲೇ ನಿಂತಿತು.

ಮಗಳ ಬೆನ್ನು ಬೆನ್ನಿನಂತಿರಲಿಲ್ಲ. ಭುಜದಿಂದ ಸೊಂಟದವರೆಗೆ ಬೆಲ್ಟಿನ ಬಾಸುಂಡೆ. ಹಳೆಯವು ಹಳದಿಗೆ ತಿರುಗಿದ್ದವು, ಹೊಸವು ನೀಲಿಗಟ್ಟಿದ್ದವು. ಬಕಲ್ಲು ಬಿದ್ದಲ್ಲಿ ಚರ್ಮ ಕಿತ್ತು ಹಕ್ಕಳೆ ಕಟ್ಟಿತ್ತು. ಕತ್ತು, ಕೈ, ಮುಖ ಮಾತ್ರ ನುಣ್ಣಗೆ. ಎಲ್ಲಿ ಹೊಡೆದರೆ ಕಾಣುವುದಿಲ್ಲ ಎಂದು ಲೆಕ್ಕ ಹಾಕಿ ಹೊಡೆದಿದ್ದ, ಬೀದಿ ಮೆಚ್ಚಿದ ಅಳಿಯ. ಕಿನುವಿಗೆ ಅವನನ್ನು ಹೊಗಳಿದ ತನ್ನ ನಾಲಿಗೆಯನ್ನೇ ಕಿತ್ತು ಬಿಸಾಡಬೇಕೆನಿಸಿತು.

ಚಿಹೊ ಗೋಡೆಯತ್ತ ಕಣ್ಣು ತೋರಿಸಿ ತುಟಿಯ ಮೇಲೆ ಬೆರಳಿಟ್ಟಳು.

ಕಿನು ಮಗಳನ್ನು ಕೊಳದ ಪಕ್ಕದ ಮಣೆಯ ಮೇಲೆ ಕೂರಿಸಿ, ಮರದ ತಂಬಿಗೆಯಲ್ಲಿ ನೀರು ಮೊಗೆದು ನೆಲಕ್ಕೆ ಸುರಿಯತೊಡಗಿದಳು. ನೀರಿನ ಸದ್ದಿರುವಷ್ಟು ಹೊತ್ತು ಚಿಹೊ ಮಾತಾಡುತ್ತಿದ್ದಳು. ಸದ್ದು ನಿಂತರೆ ಅವಳೂ ನಿಲ್ಲುತ್ತಿದ್ದಳು.

"ಪ್ರತಿ ಏಟಿಗೂ ಕೇಳ್ತಾರೆ, ತಪ್ಪು ನಿಂದೇ ತಾನೇ ಅಂತ. ಹ್ಞೂಂ ಅನ್ನಬೇಕು."

ಕಿನು ಮತ್ತೆ ಸುರಿದಳು.

"ಅನ್ನದಿದ್ರೆ?"

"ಅನ್ನೋವರೆಗೂ ಬಿಡಲ್ಲ. ಹೋದ ವಾರ ಎರಡು ಪಕ್ಕೆಲುಬು ಮುರೀತು. ಇವತ್ತು ನೀನು ನೋಡಿದೆ ಅಂತ ಗೊತ್ತಾದ್ರೆ ರಾತ್ರಿ ನನ್ನ ಕೊಂದೇಬಿಡ್ತಾರಮ್ಮ. ಅಂಗಿ ಕೊಡು."

ಆದರೂ ಕಿನು ಸುಮ್ಮನಿರಲಾರದೆ ಹೋದಳು. "ಅವನ ಕೈ ಸೇದಿಹೋಗ!" ಎಂದಳು, ಜೋರಾಗಿಯೇ. ಆಗ ನೀರು ಸುರಿಯುತ್ತಿರಲಿಲ್ಲ.

ಆಚೆ ಕಡೆ ನೀರಿನ ಸಪ್ಪಳ ನಿಂತಿತು.

"ಚಿಹೊ?" ತೆತ್ಸುಜಿಯ ದನಿ ಬೆಣ್ಣೆಯಷ್ಟು ಮೆತ್ತಗಿತ್ತು. "ಒಳಗಿದ್ದೀಯಾ? ಬೇಡ ಅಂದಿದ್ದೆ ಅಲ್ವಾ?"

ಚಿಹೊ ತಟಕ್ಕನೆ ಎದ್ದುನಿಂತಳು.

"ಎಲ್ಲಾ ಮಾತಾಡಿ ಆಯ್ತಾ? ಸರಿ, ಮನೆಗೆ ಹೋಗಿ ಮಾತಾಡೋಣ. ಅತ್ತೆ, ಸಾಕು, ಹೊರಗೆ ಬನ್ನಿ. ಹೊರಡೋಣ."

ದನಿ ಬಂದ ಜಾಗ ಕಿನುವಿಗೆ ಸ್ಪಷ್ಟವಾಗಿ ಗೊತ್ತಾಯಿತು. ಪರವೂರಿನವರೆಲ್ಲ ಕೂರುವುದು ಅಲ್ಲೇ, ದೋಣಿಯ ಬಾಯಿಗೆ ಬೆನ್ನು ಕೊಟ್ಟು. ಅಲ್ಲಿ ಬೆಚ್ಚಗಿರುತ್ತದೆ. ಊರಿನವರು ಸತ್ತರೂ ಅಲ್ಲಿ ಕೂರುವುದಿಲ್ಲ.

ಅವಳು ಮಸುವಿನ ಮುಖ ನೋಡಿದಳು. ಮಸು ಚಿಹೊಳ ಬೆನ್ನು ನೋಡಿದಳು. ಆಮೇಲೆ ನೀರಿನಿಂದ ಮೇಲೆ ಬಂದು ದೋಣಿಯ ಕಡೆ ದಾರಿ ಬಿಟ್ಟಳು.

ಕಿನು ಅಡ್ಡಹಲಗೆಯ ಮೇಲೆ ಎರಡೂ ಕೈ ಇಟ್ಟು, ಹುಡುಗಿಯಾಗಿದ್ದಾಗ ಕೂಗುತ್ತಿದ್ದಂತೆ ಕೂಗಿದಳು.

"ಬರ್ಲಾ?"

"ಹ್ಞೂಂ, ಬನ್ನಿ ಅತ್ತೆ, ಬನ್ನಿ," ಎಂದ ತೆತ್ಸುಜಿ.

ಕಟ್ಟಳೆಯಲ್ಲಿ ಕೂದಲೆಳೆಯಷ್ಟೂ ಲೋಪವಾಗಲಿಲ್ಲ. ಕಿನು ಮೈಭಾರ ಬಿಟ್ಟು ಒತ್ತಿದಳು. ಹಾಳು ಹಲಗೆ ನೀರು ಕುಡಿದು ಊದಿಕೊಂಡಿತ್ತು, ಅಲುಗಲಿಲ್ಲ. ಮತ್ತೆ ಒತ್ತಿದಳು. ಎಪ್ಪತ್ತರ ಮುದುಕಿಯ ಕೈಗೆ ಅಷ್ಟು ಬಲವೆಲ್ಲಿ? ಆಗ ಅವಳ ಸುಕ್ಕುಗೈಗಳ ಪಕ್ಕದಲ್ಲಿ ಇನ್ನೆರಡು ಕೈ ಬಂದವು. ಚಿಹೊ ಹಲ್ಲು ಕಚ್ಚಿ, ಮುರಿದ ಪಕ್ಕೆಲುಬಿನ ನೋವಿಗೆ ಗಂಟಲಲ್ಲೇ ನರಳಿ, ಹಲಗೆಯನ್ನು ಬುಡದವರೆಗೆ ತಳ್ಳಿದಳು.

ಆಚೆಯಿಂದ ಬಂದ ಕಿರುಚಾಟಕ್ಕೆ ಮಾಡಿನ ಹಿಮ ಜಾರಿ ಬಿತ್ತು. ಮನುಷ್ಯನ ಗಂಟಲಿಂದ ಅಂಥ ಸದ್ದು ಬರುತ್ತದೆಂದು ಕಿನುವಿಗೆ ತಿಳಿದಿರಲಿಲ್ಲ. ಪಾಪ ಅನ್ನಿಸೀತೇ ಎಂದು ಕಾದಳು. ಅನ್ನಿಸಲಿಲ್ಲ.

ಮಸು ಹಲಗೆ ಮೇಲೆತ್ತಿದಳು. ಅಷ್ಟರಲ್ಲಿ ಬಾಗಿಲು ಒದ್ದು ತೆತ್ಸುಜಿ ಒಳಗೆ ನುಗ್ಗಿದ. ಸೊಂಟಕ್ಕೊಂದು ಟವೆಲ್, ಕೈಯಲ್ಲಿ ಬೆಲ್ಟು. ಹೆಗಲು, ಬೆನ್ನು ಬೆಂದು ಕೆಂಪಾಗಿ, ಅಲ್ಲಲ್ಲಿ ಚರ್ಮ ಗುಳ್ಳೆ ಎದ್ದು ಜೋಲುತ್ತಿತ್ತು.

"ಮುದಿ ಗೊಡ್ಡೇ!" ಎಂದು ಬಕಲ್ಲಿನಿಂದಲೇ ಬೀಸಿದ. ಕಿನುವಿನ ತುಟಿ ಸೀಳಿ, ಒಂದು ಹಲ್ಲು ನೆಲಕ್ಕೆ ಬಿತ್ತು. ಎರಡನೇ ಏಟಿಗೆ ಅವಳು ಕುಸಿದಳು. ಅವನು ಚಿಹೊಳ ಜುಟ್ಟು ಹಿಡಿದು, ನೀರು ತುಂಬಿದ ಕೊಳದ ಅಂಚಿಗೆ ಅವಳ ಮುಖ ಒತ್ತಿದ.

"ನಿಮ್ಮಮ್ಮ ಬೇಕಂತಲೇ ನನ್ನ ಸುಟ್ಟಳು. ಪೊಲೀಸರ ಮುಂದೆ ಹಾಗೇ ಹೇಳಬೇಕು. ಹೇಳ್ತೀಯಾ? ಹ್ಞೂಂ ಅನ್ನು!"

ಚಿಹೊಳ ಹಣೆಯಿಂದ ರಕ್ತ ನೀರಿಗೆ ತೊಟ್ಟಿಕ್ಕಿತು. ಕಿನು ಕಣ್ಣು ಮುಚ್ಚಿಕೊಂಡಳು. ಮಗಳು ಹ್ಞೂಂ ಅನ್ನುತ್ತಾಳೆ, ಅಂದೇ ಅನ್ನುತ್ತಾಳೆ. ಎಷ್ಟು ವರ್ಷದ ಅಭ್ಯಾಸ.

"ಅನ್ನೇ, ಹ್ಞೂಂ ಅನ್ನು!"

"ಊಹೂಂ," ಎಂದಳು ಚಿಹೊ.

ಜುಟ್ಟು ಹಿಡಿದ ಅವನ ಕೈ ಒಂದು ಕ್ಷಣ ಸಡಿಲವಾಯಿತು. ಆ ಪದವನ್ನು ಅವಳ ಬಾಯಲ್ಲಿ ಅವನು ಕೇಳಿಯೇ ಇರಲಿಲ್ಲ. ಆ ಒಂದು ಕ್ಷಣ ಮಸುವಿಗೆ ಸಾಕಾಯಿತು. ಕೂರುವ ಮಣೆಯನ್ನು ಎರಡೂ ಕೈಯಲ್ಲಿ ಎತ್ತಿ, ಹೊಲದಲ್ಲಿ ಹೆಂಟೆ ಒಡೆಯುವಂತೆ ಅವನ ಮೊಣಕಾಲಿಗೆ ಕುಟ್ಟಿದಳು. ಮೂಳೆ ಲಟಕ್ಕೆಂದಿತು. ಅವನು ಸುಟ್ಟ ಬೆನ್ನಿನ ಮೇಲೆ ಮಲಗಿ ಬೊಬ್ಬೆ ಹೊಡೆಯುತ್ತಿದ್ದಾಗ ಊರಿನ ನಾಲ್ಕು ಜನ ಗಂಡಸರು ಓಡಿಬಂದರು.

ಪೊಲೀಸಿನವನು ಬಂದಾಗ ತೆತ್ಸುಜಿ ಸ್ಟ್ರೆಚರಿನ ಮೇಲಿಂದಲೇ ಕಿನುವಿನತ್ತ ಬೆರಳು ತೋರಿಸಿದ. ಪೊಲೀಸಿನವನು ಇದೇ ಕಣಿವೆಯ ಹುಡುಗ. ಟೋಪಿ ತೆಗೆದು ಕಿನುವನ್ನು ಎರಡೇ ಮಾತು ಕೇಳಿದ.

"ಕೂಗಿದ್ರಾ, ಅಜ್ಜಿ?"

"ಕೂಗಿದೆ."

"ಅವರು ಹ್ಞೂಂ ಅಂದ್ರಾ?"

"ಅಂದ. ಬನ್ನಿ ಬನ್ನಿ ಅಂತ ಕರೆದ ಕೂಡ," ಎಂದಳು ಮಸು. "ನನ್ನ ಕಿವಿಯಾರೆ ಕೇಳಿದೀನಿ."

"ಅಮ್ಮನ ಕೈಲಿ ಹಲಗೆ ಅಲುಗಲಿಲ್ಲ," ಎಂದಳು ಚಿಹೊ. "ತಳ್ಳಿದ್ದು ನಾನು."

ಪೊಲೀಸಿನವನು ಅವಳ ಬೆನ್ನನ್ನು ನೋಡಿದ, ನೆಲದ ಮೇಲಿದ್ದ ಬೆಲ್ಟನ್ನು ನೋಡಿದ. ಬೆಲ್ಟನ್ನು ಚೀಲಕ್ಕೆ ಹಾಕಿಕೊಂಡು, ಆಸ್ಪತ್ರೆಗೆ ಇವರಿಬ್ಬರಿಗೆ ಬೇರೆ ಗಾಡಿ ಬರುತ್ತದೆ, ಅಲ್ಲಿವರೆಗೆ ಬೆಚ್ಚಗಿರಿ ಎಂದು ಹೇಳಿ ಹೊರಗೆ ಹೋದ.

ಕಿನು ತುಟಿಗೆ ಟವೆಲ್ ಒತ್ತಿಕೊಂಡು ಕೂತಿದ್ದಳು. ಚಿಹೊ ಅವಳ ಮುಂದೆ ಮಣೆ ಎಳೆದುಕೊಂಡು ಬೆನ್ನು ತಿರುಗಿಸಿದಳು. ಕಿನು ಅಭ್ಯಾಸಬಲದಿಂದ ತಂಬಿಗೆ ಮೊಗೆದು ನೆಲಕ್ಕೆ ಸುರಿಯಹೋದಳು.

"ಬೇಡಮ್ಮ, ಸುರೀಬೇಡ," ಎಂದಳು ಚಿಹೊ, ಗೋಡೆಯಾಚೆಗೂ ಕೇಳುವಷ್ಟು ಜೋರಾಗಿ. "ಕೇಳಿಸ್ಕೋ, ಮೊದಲಿಂದ ಹೇಳ್ತೀನಿ."