ಬಾಣಂತಿ ಕೋಣೆಯ ಕೆಂಡ

ಇಳಿಯಬೇಕೋ, ಇದೇ ಬಸ್ಸಿನಲ್ಲಿ ವಿಜಾಪುರಕ್ಕೆ ಹೋಗಿಬಿಡಬೇಕೋ? ಹೋಗದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹೆಂಡತಿಯನ್ನು ಕೊಂದಳೆಂದು ಊರೇ ಹೇಳುವ ಸೂಲಗಿತ್ತಿಯ ಮಣ್ಣಿಗೆ ಗಂಡನಾದವನು ಏಕೆ ಬಂದಾನು? ಬಂದರೇ ಮಂದಿ ಬೆರಗಾಗುವುದು. ಆದರೆ ಅವಳ ಮಗ ಗೈಬುಸಾಬ ಬೆಳಿಗ್ಗೆಯೇ ಬಬಲೇಶ್ವರದ ಸಾಲೆಗೆ ಆಳು ಕಳಿಸಿ, ‘ಅವ್ವ ತೀರಿಕೊಂಡಾಳ, ಮಾಸ್ತರ ಬರಾಕ ಬೇಕು’ ಎಂದು ಹೇಳಿಸಿದ್ದ. ಬರಾಕ ಬೇಕು ಅಂದರೆ ಏನು? ಅವನಿಗೇನಾದರೂ ಗೊತ್ತಾಗಿದೆಯೇ? ಸಾಯುವ ಮುಂದೆ ಪೀರಾಂಬಿ ಏನಾದರೂ ಅಂದಳೇ?

“ಸರ, ಇಳೀತೀರೋ, ಇಲ್ಲೇ ಹಾಸಿಗಿ ಹಾಸ್ಲ್ಯೋ?” ಕಂಡಕ್ಟರ್ ಗಂಟೆಯ ಹಗ್ಗ ಹಿಡಿದು ಕೇಳಿದ.

ಶಿವಯೋಗೆಪ್ಪ ಮಾಸ್ತರನ ಒಂದು ಕಾಲು ಇನ್ನೂ ಮೆಟ್ಟಿಲ ಮೇಲೆಯೇ ಇತ್ತು. ತಿಕೋಟಾದ ಬಿಸಿಲಿಗೆ ಇಳಿದ. ಎಮರ್ಜನ್ಸಿ ಮುಗಿದ ಮೊದಲ ಬೇಸಿಗೆ. ಬಸ್‌ಸ್ಟ್ಯಾಂಡಿನ ಗೋಡೆಯ ಘೋಷಣೆಗಳ ಮೇಲೆ ಯಾರೋ ಸುಣ್ಣ ಬಳಿದಿದ್ದರು.

ಪೀರಾಂಬಿಯ ಮನೆಯ ಮುಂದೆ ಎರಡು ಹಳೆಯ ಸೀರೆ ಕಟ್ಟಿ ಮರೆ ಮಾಡಿದ್ದರು. ಅದರಾಚೆ ಹೆಣ ತೊಳೆಯುವ ನೀರಿನ ಸದ್ದು. ಎದುರಿನ ಕಟ್ಟೆಯ ಮೇಲಿದ್ದ ಶಿವಶರಣಪ್ಪ, ಹಿಂದೊಮ್ಮೆ ಮಗ್ಗುಲ ಮನೆಯವನು, ಸರಿದು ಜಾಗ ಕೊಟ್ಟ.

“ಬರ್ರಿ ಮಾಸ್ತರ. ನೀವು ಬಂದದ್ದು ಭಾಳ ದೊಡ್ಡದಾತು.”

“ಗೈಬುಸಾಬ ಹೇಳಿ ಕಳಿಸಿದ್ದ.”

“ಕಳಿಸಿದ್ರ ಏನಾತು? ನಾ ಆಗಿದ್ರ ಬರ್ತಿದ್ದಿಲ್ಲ ಬಿಡ್ರಿ.” ಅಂಗೈಯಲ್ಲಿ ತಂಬಾಕು ತಿಕ್ಕುತ್ತ ನಕ್ಕ. “ಹಂಗ ನೋಡಿದ್ರ ನನ್ನ ಎಳದಾಕಿನೂ ಆಕಿನ. ಕಾಲು ಮುಂದಾಗಿ ಬಂದಿದ್ನಂತ. ಓಣ್ಯಾಗ ಕಂಡಾಗೊಮ್ಮೆ ‘ಹುಟ್ಟೂಕಿಂತ ಮೊದಲ ನನ್ನ ಒದ್ದೀದಿ ಲೇ ಭಾಡ್ಯಾ’ ಅಂತಿದ್ಲು.”

“ಅದ ತಪ್ಪಾತು. ಹಂಗ ಒಳಗ ದೂಡಿ ಬಿಡಬೇಕಾಗಿತ್ತು ನಿನ್ನ,” ಎಂದಳು ಗೋಡೆಗೆ ಒರಗಿದ್ದ ಮುದುಕಿ ಮಾಳವ್ವ. ಕಟ್ಟೆಯವರು ನಕ್ಕು, ಸತ್ತ ಮನೆಯ ಮುಂದೆ ಕೂತಿದ್ದೇವೆಂಬುದು ನೆನಪಾಗಿ ಸುಮ್ಮನಾದರು.

ಮಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಎಂಥಾ ಕೈ ಇದ್ದೂವಪ್ಪ ಅವು. ಮಾಸ್ತರ ಮನ್ಯಾಗ ಅದೊಂದು ಆತು, ಮುಗೀತು. ಮುಂದ ಯಾರೂ ಹೆರಿಗಿಗೆ ಕರೀಲಿಲ್ಲ. ಮಯ್ಯತ್ ತೊಳ್ಯಾಕ ಅಷ್ಟ ಕರದ್ರು. ಕೂಸು ಎರಿಯೂ ಕೈಲೆ ಹೆಣಾ ಎರದು ಹೊಟ್ಟಿ ಹೊರದ್ಲು. ಈಗ ಆಕಿನ್ನ ತೊಳ್ಯಾಕ ಊರಾಗ ಗೊತ್ತಿದ್ದಾಕಿ ಒಬ್ಬಾಕಿ ಇಲ್ಲ. ಘೋಣಸಗಿಂದ ಕರಸ್ಯಾರ.”

“ಹೆರಿಗಿಗೆ ಹೆಂಗ ಕರೀತಾರ ಮತ್ತ?” ಶಿವಶರಣಪ್ಪ ದನಿ ತಗ್ಗಿಸಿದ. “ಕೂಸಿನ್ನ ಮೊದಲ ಹೊರಗ ತಂದು ಮಲಗಿಸಿದ್ಲಲ್ಲ. ಒಳಗ ಏನೋ ಆಗತೈತಿ ಅಂತ ಗೊತ್ತಿಲ್ಲದ ತರ್ತಾರೇನು? ಏನ ಅಂತೀರಿ ಮಾಸ್ತರ?”

ಶಿವಯೋಗೆಪ್ಪ ಏನೂ ಅನ್ನಲಿಲ್ಲ. ಸುಮ್ಮನಿದ್ದವನ ಸುಮ್ಮನಿರುವಿಕೆಯನ್ನು ಮಂದಿ ತಮಗೆ ಬೇಕಾದಂತೆ ಓದಿಕೊಳ್ಳುತ್ತಾರೆ. ಅದನ್ನು ಅವನು ಬಹಳ ಹಿಂದೆಯೇ ಕಲಿತಿದ್ದ.

*

ಆಗ ಅವನು ವಿಜ್ಞಾನದ ಪದವಿ ಮುಗಿಸಿ ಬಂದ ಹೊಸತು. ತವರಿನಲ್ಲಿ ನೋಡುವವರಿಲ್ಲವೆಂದು ಹೆಂಡತಿ ರೇಣವ್ವನ ಬಾಣಂತನ ಗಂಡನ ಮನೆಯಲ್ಲೇ ನಡೆದಿತ್ತು. ಕಟ್ಟಾ ಚಳಿಗಾಲ. ಹಸಿ ಮೈಗೆ ಗಾಳಿ ಸೋಕಬಾರದೆಂದು ಅವನ ತಾಯಿ ಮುರಿಗೆವ್ವ ಬೆಳಕಿಂಡಿಗೆ ಗೋಣಿಚೀಲ ತುರುಕಿದ್ದಳು. ಬಾಣಂತಿ ಮಲಗುವ ಹೊರಸಿನ ಕೆಳಗೆ ಸೆಗಣಿ ಕುಳ್ಳಿನ ಬೆಂಕಿ. ಹೊಗೆ ಹೆಚ್ಚಿದಾಗಲೆಲ್ಲ ಪೀರಾಂಬಿ ಕೆಮ್ಮುತ್ತ ಬಾಗಿಲು ತೆರೆದು, ಸೆರಗಿನಿಂದ ಬೀಸಿ ಹೊರಗೆ ಹಾಕುವಳು. ಮತ್ತೆ ಮುಚ್ಚುವಳು. ಮುಂಜಾನೆಯ ತನಕ ಇದೇ ಕೆಲಸ.

ತಾಯಿ ಮಗು ಹೊಗೆಯಲ್ಲಿ ಬೇಯುವುದನ್ನು ನೋಡಿ ಓದಿದವನಿಗೆ ಸಿಟ್ಟು ಬಂತು. ವಿಜಾಪುರಕ್ಕೆ ಹೋಗಿ, ಸಿದ್ಧೇಶ್ವರ ಗುಡಿಯ ಹಿಂದಿನ ಪೇಟೆಯಲ್ಲಿ ಅಕ್ಕಸಾಲಿಗರು ಕೊಳ್ಳುವ ಜಾಲಿ ಇದ್ದಲಿ ಒಂದು ಚೀಲ ತಂದ.

“ಇದೇನ್ರಿ ಯಪ್ಪಾ ಕರೀದು?” ಪೀರಾಂಬಿ ಒಂದು ತುಂಡು ಎತ್ತಿ ಮೂಸಿ ನೋಡಿದಳು.

“ಇದ್ದಲಿ. ಕಟಿಗಿ ಒಳಗಿನ ಹೊಗಿ ಎಲ್ಲಾ ಮೊದಲ ಸುಟ್ಟು ಹೋಗಿರತೈತಿ. ಉಳದದ್ದು ಬರೇ ಕಾವು. ಬಾಗಲಾ ತೆರಿಯೂ ಕೆಲಸ ಇಲ್ಲ ಇನ್ನ.”

“ಓದಿದವರು ಹೇಳ್ತೀರಿ. ಆಗ್ಲಿ.”

ಸಂಜೆಗೆ ಕೆಂಡ ನಿಗಿನಿಗಿ ಆಯಿತು. ಅದರ ಮೇಲೆ ತೆಳ್ಳನೆಯ ನೀಲಿ ಉರಿ ಆಡತೊಡಗಿತು. ರೇಣವ್ವ ಮೊಣಕೈ ಊರಿ, ಹೊರಸಿನಿಂದ ಬಗ್ಗಿ ನೋಡಿದಳು. “ಎಷ್ಟ ಚೆಂದ ಐತ್ರಿ. ನವಿಲಗರಿ ಹಂಗ.” ಅವನಿಗೆ ಹೆಮ್ಮೆಯಾಯಿತು. ಹೆಣ್ಣುಕೂಸು ಅಳುತ್ತಿತ್ತು. ತಾಯಿ ನಿದ್ದೆ ಮಾಡಲೆಂದು ಪೀರಾಂಬಿ ಅದನ್ನೆತ್ತಿಕೊಂಡು ಪಡಸಾಲೆಗೆ ಬಂದಳು. ಬಾಗಿಲನ್ನು ಶಿವಯೋಗೆಪ್ಪನೇ ಎಳೆದ. ಕೆಳಗಿನ ಸಂದಿಗೆ ತನ್ನ ಹಳೆಯ ಧೋತರವನ್ನು ಮಡಚಿ ತುರುಕಿದ.

ಬೆಳಿಗ್ಗೆ ರೇಣವ್ವನ ಕೆನ್ನೆಗಳು ಕೆಂಪಗಿದ್ದವು. “ಮಲಗಿದಂಗ ಅದಾಳಲ್ಲವ್ವ, ಮಾರಿ ಮ್ಯಾಲಿನ ಕಳೆ ಹೋಗಿಲ್ಲ,” ಎಂದು ಹೆಂಗಸರು ಅತ್ತರು. ಆ ಕೆಂಪು ಏನೆಂಬುದು ಅವನೊಬ್ಬನಿಗೆ ಗೊತ್ತಿತ್ತು. ಗಾಳಿ ಸಾಕಷ್ಟು ಸಿಕ್ಕರೆ ಇಂಗಾಲ ಪೂರ್ತಿ ಉರಿಯುತ್ತದೆ. ಸಾಲದಾದರೆ ಅರ್ಧ ಉರಿದು, ಬಣ್ಣವಿಲ್ಲದ ವಾಸನೆಯಿಲ್ಲದ ವಿಷವಾಗಿ ರಕ್ತಕ್ಕೆ ಸೇರಿ, ಸತ್ತ ಮೈಯನ್ನೂ ಕೆಂಪಗಿಡುತ್ತದೆ. ರೇಣವ್ವ ಚೆಂದವೆಂದ ಆ ನೀಲಿ ಉರಿ ಅದೇ ಅನಿಲದ್ದು. ಕುಳ್ಳಿನ ಬೆಂಕಿಯಲ್ಲಿಯೂ ಅದು ಇರುತ್ತಿತ್ತು, ಆದರೆ ಹೊಗೆ ಕಣ್ಣು ಉರಿಸಿ ಬಾಗಿಲು ತೆರೆಸುತ್ತಿತ್ತು. ಪರೀಕ್ಷೆಯಲ್ಲಿ ಅವನು ತುಂಬ ಚೆನ್ನಾಗಿ ಬರೆದಿದ್ದ ಪಾಠ ಇದು.

ಮುರಿಗೆವ್ವ ಎದೆ ಬಡಿದುಕೊಳ್ಳುತ್ತ, “ಆ ಪೀರಾಂಬಿ ಕಷಾಯದಾಗ ಏನ ಹಾಕಿದ್ಲೋ!” ಎಂದಳು. ಅವನು ತಡೆಯಲಿಲ್ಲ. ಅಂದು ತಡೆಯದ ಮಾತನ್ನು ಮರುದಿನ ತಡೆಯುವುದು ಇನ್ನೂ ಕಷ್ಟವಾಯಿತು. ಆಮೇಲೆ ಬಬಲೇಶ್ವರದ ನೌಕರಿ ಸಿಕ್ಕಿತು. ಅಲ್ಲಿ ವರ್ಷ ವರ್ಷವೂ ದಹನದ ಪಾಠ ಬರುತ್ತಿತ್ತು. ಉರಿಯುವ ಮೇಣಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಅದು ಆರುವುದನ್ನು ಮಕ್ಕಳಿಗೆ ತೋರಿಸುತ್ತಿದ್ದ. ಇದ್ದಲಿಯ ಪುಟ ಬಂದಾಗ ಮಾತ್ರ, “ಇದು ಪರೀಕ್ಷಾಕ್ಕ ಬರೂದಿಲ್ಲ, ಮುಂದ ನಡೀರಿ,” ಎನ್ನುತ್ತಿದ್ದ.

*

ಜನಾಜಾ ಎತ್ತಿದರು. ಗಂಡಸರು ಹೆಗಲು ಬದಲಿಸುತ್ತ ಖಬರಸ್ತಾನದ ದಾರಿ ಹಿಡಿದರು. ಶಿವಯೋಗೆಪ್ಪ ಹಿಂದೆ ಹಿಂದೆ ನಡೆದ.

ಒಮ್ಮೆ ಅವಳು ಸಾಲೆಯ ಬಾಗಿಲಿಗೇ ಬಂದಿದ್ದಳು, ಸೆರಗಿನಲ್ಲಿ ಅವನ ಮಗಳಿಗೆಂದು ಹುರಿದ ಶೇಂಗಾ ಕಟ್ಟಿಕೊಂಡು. “ಯಪ್ಪಾ, ನಾ ಜಗಳಾ ಮಾಡಾಕ ಬಂದಿಲ್ಲ. ನೀವು ಓದಿದವರು. ನಂದೇನ ತಪ್ಪಾತು ಹೇಳಿಬಿಡ್ರಿ. ನಾ ಒಬ್ಬಾಕಿನ ಕುಂತು ವಿಚಾರ ಮಾಡಿ ಮಾಡಿ ತಲಿ ಕೆಟ್ಟೈತಿ,” ಎಂದು ಕೇಳಿದ್ದಳು.

ಅವನು “ದೇವರ ಇಚ್ಛಾ,” ಎಂದಿದ್ದ. ಅವಳು ಶೇಂಗಾ ಮೇಜಿನ ಮೇಲೆ ಸುರುವಿ ಹೋಗಿದ್ದಳು.

ನಮಾಜಿಗೆ ಮುಂಚೆ ಗೈಬುಸಾಬ ಹೆಣದ ಪಕ್ಕ ನಿಂತು, ಸತ್ತವರ ಮಕ್ಕಳು ಕೇಳುವ ಮಾತನ್ನು ಕೇಳಿದ. “ನಮ್ಮವ್ವನಿಂದ ಯಾರಿಗರ ನೋವಾಗಿದ್ರ ಮಾಫ್ ಮಾಡ್ರಿ.”

“ಮಾಫ್, ಮಾಫ್,” ಎಂದರು ಎಲ್ಲರೂ.

ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಬೇವಿನ ನೆರಳಲ್ಲಿ ನಿಂತ ಶಿವಯೋಗೆಪ್ಪನ ಹತ್ತಿರ ಬಂದ. “ಮಾಸ್ತರ, ಇವರೆಲ್ಲಾರ ಮಾಫಿ ಒಂದು, ನಿಮ್ಮದೊಂದು. ಅವ್ವ ಕಡೀಕ ನಿಮ್ಮ ಹೆಸರ ಹಿಡದ್ಲು. ಮಗಳು ಹೆಂಗದಾಳ ಅಂತ ಕೇಳಿದ್ಲು. ‘ನನಗ ತಿಳೀದ ಏನೋ ತಪ್ಪು ಮಾಡೇನಿ. ಮಾಸ್ತರ ಬಾಯಿಂದ ಮಾಫ್ ಅನ್ನಿಸಿ ಮಣ್ಣು ಕೊಡು’ ಅಂದ್ಲು. ಅದಕ್ಕ ಕರಸೇನ್ರಿ. ಒಂದ ಮಾತು ಹೇಳಿಬಿಡ್ರಿ.”

ಹಾಗಾದರೆ ಇವನಿಗೇನೂ ಗೊತ್ತಿಲ್ಲ. ಶಿವಯೋಗೆಪ್ಪನ ಎದೆ ಹಗುರಾಯಿತು. ಹಗುರಾದ ಎದೆಯ ಮೇಲೆ ಅವನಿಗೇ ಹೇಸಿಗೆ ಹುಟ್ಟಿತು. ಊರೆಲ್ಲ ನಿಂತಿದೆ. ಹೇಳುವುದಾದರೆ ಇದೇ ಜಾಗ. ಇವತ್ತು ಹೇಳಿದರೆ ಸಂಜೆಯೊಳಗೆ ಮಗಳಿಗೆ ಮುಟ್ಟುತ್ತದೆ. ‘ಗೈಬುಸಾಬ, ಕೇಳಿಲ್ಲೆ’ ಎಂಬ ಮಾತು ಗಂಟಲ ತನಕ ಬಂತು.

“ಅನ್ರಿ ಮಾಸ್ತರ,” ಶಿವಶರಣಪ್ಪ ಹಿಂದಿನಿಂದ ಮೆಲ್ಲಗೆ ತಿವಿದ. “ಸತ್ತಾಕಿ ಮ್ಯಾಲೆ ಎಂಥಾ ಸಿಟ್ಟು?”

“ಮಾಫ್ ಮಾಡೇನಿ,” ಎಂದ ಶಿವಯೋಗೆಪ್ಪ.

ಗೈಬುಸಾಬ ಅವನ ಎರಡೂ ಕೈ ಹಿಡಿದು ತನ್ನ ಕಣ್ಣಿಗೊತ್ತಿಕೊಂಡ. ಗುಂಪಿನಲ್ಲಿ ಯಾರೋ, “ದೇವರಂಥಾ ಮನಶ್ಯಾ ನೋಡು,” ಎಂದರು. ನಮಾಜು ಮುಗಿದು ಹೆಣ ಇಳಿಸಿದ ಮೇಲೆ, ಮಣ್ಣು ಕೊಡಲು ಅವನನ್ನೇ ಮುಂದೆ ಬಿಟ್ಟರು.

ಗೋರಿ ಮುಚ್ಚಿತು. ಗೈಬುಸಾಬ ತಂಬಿಗೆ ಬಗ್ಗಿಸಿ ನೀರು ಹೊಯ್ದು, ಚಿಕ್ಕ ಮಕ್ಕಳ ಕೈ ತೊಳೆಯುವ ಹಾಗೆ, ಮಾಸ್ತರನ ಬೆರಳ ಸಂದಿಯ ಮಣ್ಣನ್ನು ಒಂದೊಂದಾಗಿ ತಾನೇ ತಿಕ್ಕಿ ತೆಗೆದ. ಅವನ ಮುಖದಲ್ಲಿ ದೊಡ್ಡದೊಂದು ಭಾರ ಇಳಿದಂತಿತ್ತು.

‘ನಿಮ್ಮವ್ವಂದು ಏನೂ ತಪ್ಪಿದ್ದಿಲ್ಲ’ ಎಂದು ಶಿವಯೋಗೆಪ್ಪ ಹೇಳಲಿಲ್ಲ.