ಐದಕ್ಕೆ ಐದು

ಬಿಳಿಗೆರೆಯ ಮರುಳಸಿದ್ದಯ್ಯನವರಿಗೆ ಹೆಂಡತಿ ಗಿರಿಜಾಂಬಿಕಾಳಿಗಿಂತ ರೈಫಲ್ ಮೇಲೇ ಪ್ರೀತಿ ಎಂದು ಜನ ಆಡಿಕೊಳ್ಳುತ್ತಿದ್ದರು. ಆಕೆಗೂ ಅದು ಗೊತ್ತಿತ್ತು, ಬೇಸರವಿರಲಿಲ್ಲ. ಅವರಪ್ಪನ ಕಾಲದ ಲಿವರ್ ರೈಫಲ್ ಅದು. ಟ್ರಿಗರ್ ಸುತ್ತಲಿನ ಕಬ್ಬಿಣದ ಬಳೆಯನ್ನು ಕೆಳಗೆಳೆದು ಮೇಲೆ ತಂದರೆ ಖಾಲಿ ತೋಟಾ ಹೊರಗೆ ಹಾರಿ ಹೊಸದು ಒಳಗೆ ಕೂರುತ್ತಿತ್ತು. ಆ ಕಟಕ್ ಸದ್ದು ಕೇಳಿದರೆ ಎಪ್ಪತ್ತು ದಾಟಿದ್ದ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಲೈಸೆನ್ಸ್ ಇದ್ದದ್ದು ತೆಂಗಿನ ಸಸಿ ಬಗೆಯುವ ಹಂದಿಗಳಿಗಾಗಿ. ಭಾನುವಾರದ ಗುರಿಯಾಟ ಮಾತ್ರ ಬರೀ ಖುಷಿಗೆ. ಮಣ್ಣಿನ ದಿಬ್ಬದ ಮುಂದೆ ತಂತಿಗೆ ಐದು ಕರಟ ಕಟ್ಟಿ, ಐವತ್ತು ಹೆಜ್ಜೆ ದೂರದಿಂದ ಐದು ಗುಂಡು ಹಾರಿಸುತ್ತಿದ್ದರು.

ಹೋದ ವರ್ಷ ಒಂದು ಭಾನುವಾರ ಐದೂ ತಪ್ಪಿದವು. ತಿಪಟೂರಿನ ಕಣ್ಣಿನ ಡಾಕ್ಟರು ಪೊರೆ ಬಲಿತಿದೆ, ಆಪರೇಷನ್ ಆಗಲೇಬೇಕು ಎಂದು ಚೀಟಿ ಬರೆದುಕೊಟ್ಟರು. ಮರುಳಸಿದ್ದಯ್ಯ ಎರಡು ದಿನ ಊಟ ಮುಟ್ಟಲಿಲ್ಲ. ಗಿರಿಜಾಂಬಿಕಾಳಿಗೆ ಅದನ್ನು ನೋಡಲಾಗಲಿಲ್ಲ. ಮುಂದಿನ ಭಾನುವಾರ ಅವರು ಐದು ಗುಂಡು ಹಾರಿಸಿದ ಮೇಲೆ ಗುರಿ ನೋಡಿಬರಲು ತಾನೇ ಹೋದಳು. ಸೀರೆಯ ಮರೆಯಲ್ಲಿದ್ದ ಕುಡುಗೋಲಿನ ಹಿಂಬದಿಯಿಂದ ಮೂರು ಕರಟ ಒಡೆದಳು.

"ಮೂರು ಬಿದ್ದವೆ ಕಣ್ರೀ," ಎಂದು ಕೂಗಿ ಹೇಳಿದಳು.

ಅವತ್ತು ಅವರು ಎರಡು ಮುದ್ದೆ ಉಂಡರು. ಬರಬರುತ್ತಾ ಮೂರು ನಾಲ್ಕಾಯಿತು, ನಾಲ್ಕು ಐದಾಯಿತು. "ಐದಕ್ಕೆ ಐದು ಹೊಡಿಯೋನ್ಗೆ ಯಾವ ಪೊರೆ? ಆ ಡಾಕ್ಟ್ರೇ ಕನ್ನಡಕ ಹಾಕ್ಕಳ್ಳಿ ಬುಡು," ಎಂದು ಚೀಟಿಯನ್ನು ಗೋಡೆಯ ಗೂಡಿಗೆ ತುರುಕಿದರು. ಆಗಲಾದರೂ ಆಕೆ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಈ ಆಷಾಢದ ಒಂದು ಬೆಳಗ್ಗೆ ಸೋನೆ ಹಿಡಿದಿತ್ತು. ಜಗಲಿಯಲ್ಲಿ ಕೂತಿದ್ದ ಮರುಳಸಿದ್ದಯ್ಯ ಕಾಫಿ ಲೋಟ ಕೆಳಗಿಟ್ಟರು. ಹೊಸ ಸಸಿಗಳ ಸಾಲಿನಲ್ಲಿ ಕಪ್ಪಗೆ ಏನೋ ಮಿಸುಕುತ್ತಿತ್ತು.

"ಹಂದಿ ಬಂದೈತೆ ಕಣೇ. ಸದ್ದು ಮಾಡ್ಬೇಡ," ಎಂದು ಒಳಗೆ ಬಂದು ರೈಫಲ್ ತೆಗೆದುಕೊಂಡರು.

ನಿಮಗೆ ಕಣ್ಣು ಕಾಣೋದಿಲ್ಲ ಎಂಬ ಮಾತು ಆಕೆಯ ನಾಲಿಗೆ ತುದಿಗೆ ಬಂತು. ಅಂದುಬಿಟ್ಟರೆ ಒಂದು ವರ್ಷದ ಸುಳ್ಳೆಲ್ಲ ಬಯಲಾಗುತ್ತಿತ್ತು. ಹೇಗೂ ತಾಗುವುದಿಲ್ಲ, ಸದ್ದಿಗೇ ಹಂದಿ ಓಡಿಹೋಗುತ್ತದೆ ಎಂದುಕೊಂಡು ಒಲೆಯ ಕಡೆ ತಿರುಗಿದಳು.

ಕಟಕ್ ಎಂದಿತು. ಆಮೇಲೆ ಒಂದೇ ಒಂದು ಗುಂಡಿನ ಸದ್ದು.

"ಬಿತ್ತು ಕಣೇ," ಎಂದರು ಅವರು, ಮಗುವಿನಂತೆ ನಗುತ್ತಾ.

ಬಿದ್ದವನು ಹುಚ್ಚಣ್ಣ, ಇಪ್ಪತ್ತು ವರ್ಷದಿಂದ ಅವರ ತೋಟ ನೋಡಿಕೊಂಡಿದ್ದವನು. ಹಂದಿ ಕೆದಕಿದ್ದ ಬುಡಗಳಿಗೆ ಮಣ್ಣು ಏರಿಸಲು ಹೇಳದೆ ಕೇಳದೆ ಬೇಗ ಬಂದಿದ್ದ. ಮಳೆಗೆ ಗೋಣಿಚೀಲದ ಕೊಪ್ಪೆ ಹೊದ್ದು ಬಗ್ಗಿ ಕೂತಿದ್ದ. ಗಿರಿಜಾಂಬಿಕಾ ಓಡಿ ಹೋಗಿ ಕೊಪ್ಪೆ ಸರಿಸುವಷ್ಟರಲ್ಲಿ ಜೀವ ಹೋಗಿತ್ತು. ಕೈಯಲ್ಲಿ ಮಣ್ಣು ಹಾಗೇ ಇತ್ತು.

ಮಧ್ಯಾಹ್ನ ಪೊಲೀಸರು ಬಂದರು. ಹುಚ್ಚಣ್ಣನ ಹೆಂಡತಿ ಚಿಕ್ಕಗೌರಮ್ಮ ಅಂಗಳದಲ್ಲಿ ಕಂಬಕ್ಕೊರಗಿ ಕೂತಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

"ಕಣ್ಣು ಸರಿಯಾಗಿ ಕಾಣುತ್ತಾ ಯಜಮಾನ್ರೆ?" ಇನ್ಸ್‌ಪೆಕ್ಟರ್ ಕೇಳಿದರು.

"ಕಾಣ್ದೆ ಏನ್ ಸಾರ್? ಮಳೆ, ಮೇಲೆ ಕೊಪ್ಪೆ ಬೇರೆ. ಯಾರಾಗಿದ್ರೂ ಹಂದಿ ಅಂತ್ಲೇ ಅನ್ಕೊಳ್ಳೋರು. ಮೊನ್ನೆ ಭಾನ್ವಾರ ಐದಕ್ಕೆ ಐದು ಹೊಡ್ದಿದೀನಿ. ಇವ್ಳೇ ನೋಡವ್ಳೆ. ಹೇಳೇ ಗಿರಿಜಾ."

ಚಿಕ್ಕಗೌರಮ್ಮ ತಲೆಯೆತ್ತಿ ಆಕೆಯನ್ನೇ ನೋಡಿದಳು. ಗಿರಿಜಾಂಬಿಕಾ ಒಳಗೆ ಹೋದಳು, ಗೂಡಿನಿಂದ ಚೀಟಿ ತಂದು ಇನ್ಸ್‌ಪೆಕ್ಟರ್ ಕೈಗಿಟ್ಟಳು.

"ಒಂದ್ ವರ್ಷದಿಂದ ಒಂದೂ ಬಿದ್ದಿಲ್ಲ ಸಾರ್. ಎಲ್ಲಾ ನಾನೇ ಕುಡ್ಲಲ್ಲಿ ಒಡ್ದಿದ್ದು."

ಮರುಳಸಿದ್ದಯ್ಯ ಆಕೆಯ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ಹಂಗಾದ್ರೆ ನನ್ ಗುಂಡು ತಾಗಿದ್ದು ಹುಚ್ಚಣ್ಣಂಗೊಬ್ಬಂಗೇನಾ?"

ಆಕೆ ಹೂಂ ಎಂದಳು.