ಎತ್ತಿಕೊಟ್ಟ ಮಾತು

"ಕತ್ತರಿ," ಎಂದು ಹುಡುಗ ಮೆಲ್ಲಗೆ ಅಂದುಬಿಟ್ಟ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಡಾಕ್ಟರು ಮೇಜಿನ ಮೇಲೆ ಒಂದೊಂದಾಗಿ ಇಡುತ್ತಿದ್ದ ಸಾಮಾನುಗಳಲ್ಲಿ ಬೀಗದ ಕೈ, ಬಾಚಣಿಗೆ, ಚಮಚ ಎಲ್ಲಕ್ಕೂ ಅಜ್ಜಿ ತಾನೇ ಹೆಸರು ಹೇಳಿದ್ದಳು. ಕತ್ತರಿಗೆ ಬಂದಾಗ ಮಾತ್ರ ಒಂದು ಗಳಿಗೆ ಸುಮ್ಮನಾದಳು. ಆ ಗಳಿಗೆ ಅವನಿಂದ ತಡೆಯಲಾಗಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಿಂದ, ತುಟಿ ಅಲುಗದಂತೆ, ಅವಳಿಗಷ್ಟೇ ಕೇಳಿಸಲಿ ಎಂದು ಹೇಳಿದ್ದ. ಡಾಕ್ಟರಿಗೂ ಕೇಳಿಸಿತು. ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ, ಹಿರಿಯರ ವಸತಿಯ ಮೇಲ್ವಿಚಾರಕಿಗೂ ಕೇಳಿಸಿತು.

ಅಜ್ಜಿ ತಿರುಗಿ ಅವನನ್ನು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ನೀವು ಸ್ವಲ್ಪ ಹೊರಗಿರಿ," ಎಂದರು ಡಾಕ್ಟರು.

ಅವನು ಓದುತ್ತಿದ್ದುದು ಪಶುವೈದ್ಯ. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಜಾಗ ಸಿಗದೆ ಪರದಾಡುತ್ತಿದ್ದಾಗ, ಪಕ್ಕದ ಹಿರಿಯರ ವಸತಿಯಲ್ಲಿ ಕೋಣೆ ಕೊಡುತ್ತಾರೆ, ಬಾಡಿಗೆ ಬೇಡ, ಸಂಜೆ ಹೊತ್ತು ಅಲ್ಲಿನವರ ಜೊತೆ ಕೂತು ಮಾತಾಡಿದರೆ ಸಾಕು ಎಂದು ಯಾರೋ ಹೇಳಿದರು. ಬಾಡಿಗೆಯನ್ನಾದರೂ ಹೇಗೋ ಹೊಂದಿಸಬಹುದಿತ್ತು, ಮಾತಾಡುವುದೇ ಅವನಿಗೆ ಆಗದ ಕೆಲಸ. ಎದುರು ಕೋಣೆಯ ಅಜ್ಜಿ ಮೊದಲ ಸಂಜೆಯೇ ಅದನ್ನು ಕಂಡುಹಿಡಿದಳು.

"ಏನೋ ಓದ್ತಿದ್ದೀಯ?"

"ಪಶು... ವೈದ್ಯ."

"ಓಹೋ, ದನದ ಡಾಕ್ಟ್ರು! ಸರಿಹೋಯ್ತು ಬಿಡು. ನಿನ್ನ ಪೇಷಂಟುಗಳೂ ಮಾತಾಡಲ್ಲ, ನೀನೂ ಮಾತಾಡಲ್ಲ. ಗಲಾಟೆನೇ ಇಲ್ಲ."

ಅಂದಿನಿಂದ ಇಡೀ ವಸತಿಗೆ ಅವನು ದನದ ಡಾಕ್ಟ್ರೇ ಆದ.

ಅಜ್ಜಿ ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದವಳು. ಪರದೆಯ ಮರೆಯಲ್ಲಿ ಕೂತು, ನಟರು ಮರೆತ ಮಾತನ್ನು ಎತ್ತಿಕೊಡುವುದು ಅವಳ ಕೆಲಸ. ರಾಜರು, ಕಳ್ಳರು, ವಿರಹಿಗಳು ಎಲ್ಲರೂ ಅವಳ ಪಿಸುಮಾತಿನಿಂದ ಬದುಕಿಕೊಂಡವರು. ಚಪ್ಪಾಳೆ ಅವರಿಗೆ, ಗಂಟಲುನೋವು ಇವಳಿಗೆ. ಮೌಖಿಕ ಪರೀಕ್ಷೆ ಎಂದರೆ ಹುಡುಗನ ಜೀವ ಬಾಯಿಗೆ ಬರುತ್ತದೆ ಎಂದು ಗೊತ್ತಾದಾಗ, ಅವನ ದಪ್ಪ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಮರೆಯಲ್ಲಿ ಕೂತಳು. ಅವನು ಗೋಡೆಯ ಮುಂದೆ ನಿಂತು ಹಸುವಿನ ಕೆಚ್ಚಲು ಬಾವಿನ ಲಕ್ಷಣಗಳನ್ನು ಹೇಳಬೇಕು. ತಡವರಿಸಿದರೆ ಮರೆಯಿಂದ ಮುಂದಿನ ಶಬ್ದ ತೇಲಿಬರುತ್ತಿತ್ತು. ಪೂರ್ತಿ ಅಲ್ಲ, ಮೊದಲ ಅಕ್ಷರ ಮಾತ್ರ.

"ಪೂರ್ತಿ ಕೊಟ್ರೆ ಅದು ನನ್ನ ಮಾತಾಗುತ್ತೆ ಕಣೋ. ಬಾಲ ಹಿಡಿಸಿದ್ರೆ ಸಾಕು, ದನ ತಾನೇ ಎಳ್ಕೊಂಡು ಹೋಗುತ್ತೆ."

ಅವನು ಪಾಸಾದ. ಆ ಸಂತೋಷಕ್ಕೆ ಅಜ್ಜಿ ಊಟದ ಹಾಲಿನಲ್ಲಿ ಎಲ್ಲರ ಮುಂದೆ ಕೆಚ್ಚಲು ಬಾವಿನ ಮೇಲೆ ಭಾಷಣ ಮಾಡಿದಳು. ಊಟ ಯಾರಿಗೂ ರುಚಿಸಲಿಲ್ಲ.

ಅವಳ ಮಾತುಗಳು ಕೈಕೊಡಲು ಶುರುವಾದದ್ದು ಅದಾದ ಮೇಲೆ. ಮೊದಲು ಉಪ್ಪು, ಆಮೇಲೆ ಚಪ್ಪಲಿ, ಆಮೇಲೆ ಪಕ್ಕದ ಮೇಜಿನ ನಿವೃತ್ತ ಲೈನ್‌ಮನ್. "ಅದು ಕೊಡಿ, ಆ..." ಎಂದು ಅವಳು ತಡೆದರೆ ಹುಡುಗ ಅವಳ ಹೆಗಲ ಹಿಂದಿನಿಂದ ಎತ್ತಿಕೊಡುತ್ತಿದ್ದ. ಎಷ್ಟು ನಯವಾಗಿ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳೇ ಕಲಿಸಿದ ವಿದ್ಯೆ ತಾನೆ? ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆದರೆ ಅವಳು ನಲ್ಲಿ ತೆರೆದಿಟ್ಟು ಮರೆತು ಕೋಣೆಯಲ್ಲಿ ನೀರು ನಿಂತಾಗ ಎತ್ತಿಕೊಡಲು ಅವನು ಅಲ್ಲಿರಲಿಲ್ಲ. ಮೇಲ್ವಿಚಾರಕಿ ಡಾಕ್ಟರನ್ನು ಕರೆಸಿದಳು. ಅಜ್ಜಿ ಈ ಕೋಣೆಯಲ್ಲೇ ಇರಬೇಕೋ, ಹಿಂದಿನ ಕಟ್ಟಡಕ್ಕೆ ಹೋಗಬೇಕೋ ಎಂದು ಅವರು ನೋಡಿ ಹೇಳಬೇಕು. ಹಿಂದಿನ ಕಟ್ಟಡದಲ್ಲಿ ಹಗಲೂ ರಾತ್ರಿ ದಾದಿಯರಿರುತ್ತಾರೆ. ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ. ವಿದ್ಯಾರ್ಥಿಗಳನ್ನು ಅಲ್ಲಿಗೆ ಹಾಕುವುದಿಲ್ಲ.

ಡಾಕ್ಟರು ಹೊರಗೆ ಬಂದವರು ಮೀಸೆ ನೀವುತ್ತಾ ಅವನ ಪಕ್ಕ ಬೆಂಚಿನ ಮೇಲೆ ಕೂತರು.

"ಎಷ್ಟು ದಿನದಿಂದ ನಡೀತಿದೆ ಇದು?"

ಹುಡುಗ ಸುಳ್ಳು ಹೇಳಬೇಕೆಂದಿದ್ದ. "ನನ್ನ ಪರೀಕ್ಷೆ ಮುಗಿದಾಗಿನಿಂದ," ಎಂದ.

"ನೀವು ಅವರಿಗೆ ಸಹಾಯ ಮಾಡ್ತಿಲ್ಲಪ್ಪ. ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಅಂತ ಅವರಿಗೇ ಗೊತ್ತಾಗದ ಹಾಗೆ ಮಾಡ್ತಿದ್ದೀರಿ. ಸದ್ಯಕ್ಕೆ ಇಲ್ಲೇ ಇರ್ಲಿ. ಮತ್ತೆ ಬಂದು ನೋಡ್ತೀನಿ. ಆಗ ನೀವು ಒಂದೇ ಒಂದು ಮಾತು ಎತ್ತಿಕೊಟ್ರೂ ಅವರನ್ನ ಹಿಂದಿನ ಕಟ್ಟಡಕ್ಕೆ ಕಳಿಸಿ ಅಂತ ಹೇಳ್ತೀನಿ. ಅವರಿಗೂ ಹೇಳಿದೀನಿ."

ಅಜ್ಜಿ ಮುಖ ಊದಿಸಿಕೊಂಡು ಬಾಗಿಲು ಹಾಕಿಕೊಂಡಳು. ಹುಡುಗ ಚಹಾ ತಂದರೆ "ಅಲ್ಲಿಡು" ಎಂದಷ್ಟೇ ಒಳಗಿನಿಂದ ಬರುತ್ತಿತ್ತು. ಕೊನೆಗೊಂದು ಸಂಜೆ ಅವನು ಲೋಟ ಕೆಳಗಿಡದೆ ಬಾಗಿಲಲ್ಲೇ ನಿಂತ.

"ತಪ್ಪಾಯ್ತು ಅಜ್ಜಿ."

"ಕತ್ತರಿ ಅಂತ ನಂಗೆ ಗೊತ್ತಿತ್ತು," ಎಂದಳು ಅವಳು. "ಆ ಡಾಕ್ಟ್ರ ಮೀಸೆ ನೋಡ್ತಾ ಇದ್ದೆ. 'ಇದು ಕತ್ತರಿ, ನಿಮಗೇ ತುರ್ತಾಗಿ ಬೇಕು' ಅನ್ನೋಣ ಅಂತ ಒಂಚೂರು ನಿಲ್ಸಿದ್ದೆ. ನಗಿಸೋ ಮಾತಿಗೆ ಮುಂಚೆ ನಿಲ್ಲಿಸಬೇಕು ಕಣೋ, ಇಲ್ಲದಿದ್ರೆ ಅದು ಏಳಲ್ಲ. ನೀನು ಅದನ್ನ ಕೊಂದುಬಿಟ್ಟೆ."

ಹುಡುಗನಿಗೆ ಅಳು ಬಂತು, ನಗುವೂ ಬಂತು. ಅವಳೇ ಬಾಗಿಲು ತೆರೆದು, ಕೈಚಾಚಿ ಲೋಟ ತೆಗೆದುಕೊಂಡಳು.

"ನಾನೂ ಒಂದ್ಸಲ ಹಾಗೇ ಮಾಡಿದ್ದೆ. ಒಂದು ಆಟದಲ್ಲಿ ನಮ್ಮ ಹಿರಿಯ ನಟ ಸತ್ತ ಮಗನ ಮುಂದೆ ಕೂತು ಸುಮ್ಮನಾಗಿದ್ದ. ಮರ್ತ ಅಂದ್ಕೊಂಡು ಎತ್ತಿಕೊಟ್ಟೆ. ಮೊದಲನೇ ಸಾಲಿನವರು ನಕ್ಕುಬಿಟ್ರು. ಆಟ ಮುಗಿದ ಮೇಲೆ ಬಂದು ಹೇಳ್ದ: 'ತಾಯಿ, ನಂಗೆ ಬೇಕಾದ್ರೆ ಕಿವಿ ಮುಟ್ಕೋತೀನಿ. ಆಗ ಕೊಡು. ಕಿವಿ ಮುಟ್ಟದೆ ಇದ್ರೆ ರಂಗಕ್ಕೆ ಬೆಂಕಿ ಬಿದ್ರೂ ಬಾಯಿ ಮುಚ್ಕೊಂಡಿರು.' ಇನ್ನು ನಮ್ಮಿಬ್ಬರಿಗೂ ಅದೇ ಲೆಕ್ಕ. ಗೊತ್ತಾಯ್ತಾ?"

"ಗೊತ್ತಾಯ್ತು ಅಜ್ಜಿ."

ಗೊತ್ತಾಗುವುದು ಸುಲಭ, ಸುಮ್ಮನಿರುವುದು ಪ್ರಾಣಸಂಕಟ. ಅವಳು ಉಪ್ಪಿಗಾಗಿ ಮೇಜಿನ ಮೇಲೆಲ್ಲ ಕಣ್ಣಾಡಿಸುತ್ತಾ "ಸಮುದ್ರದ್ದು... ಬೆಳ್ಳಗಿರೋದು..." ಎಂದು ಸುತ್ತಿ ಬಳಸಿ ಬರುವಾಗ ಹುಡುಗ ತಟ್ಟೆ ನೋಡುತ್ತಾ ಕೂರುತ್ತಿದ್ದ. ಕೆಲವು ಸಲ ಉಪ್ಪು ಸಿಗುತ್ತಿತ್ತು. ಕೆಲವು ಸಲ ಸಪ್ಪೆಯಾಗಿಯೇ ಉಂಡು ಏಳುತ್ತಿದ್ದಳು; ಅಂಥ ದಿನ ಅವನೂ ಉಪ್ಪು ಹಾಕಿಕೊಳ್ಳುತ್ತಿರಲಿಲ್ಲ. ಕಿವಿಯ ಕಡೆಗೆ ಮಾತ್ರ ಅವಳ ಕೈ ಒಮ್ಮೆಯೂ ಹೋಗಲಿಲ್ಲ. ಅವಳ ಹಟ ಅವನಿಗೆ ಗೊತ್ತಿತ್ತು, ಆ ಹಟವನ್ನು ಅವನು ಪ್ರೀತಿಸುತ್ತಿದ್ದ.

ಡಾಕ್ಟರು ಮತ್ತೆ ಬಂದ ದಿನ ಹುಡುಗ ಕಾಲೇಜಿಗೆ ಹೊರಟಿದ್ದ. "ಅವನು ಇಲ್ಲೇ ಕೂರ್ಲಿ," ಎಂದು ಅಜ್ಜಿಯೇ ಹಟ ಹಿಡಿದಳು. ಬೀಗದ ಕೈ, ಬಾಚಣಿಗೆ ಆಯಿತು. ಚಮಚಕ್ಕೆ ಬಹಳ ಹೊತ್ತು ಹಿಡಿಯಿತು, ಆದರೂ ಸಿಕ್ಕಿತು. ಕತ್ತರಿ ಬಂದಾಗ ಅವಳು ಬೇಕೆಂದೇ ನಿಲ್ಲಿಸಿ, ಮೀಸೆ ನೋಡಿ, ಉಳಿಸಿಟ್ಟಿದ್ದ ಮಾತನ್ನು ಎಸೆದಳು. ಡಾಕ್ಟರು ಗೊಳ್ಳೆಂದು ನಕ್ಕರು. ಮೇಲ್ವಿಚಾರಕಿಯೂ ನಕ್ಕಳು. ಹುಡುಗನಿಗೆ ಗೆದ್ದೇಬಿಟ್ಟೆವು ಅನಿಸಿತು.

ಡಾಕ್ಟರು ನಗುತ್ತಲೇ ಕಿಟಕಿಯ ಕಡೆ ತೋರಿಸಿದರು. "ಸರಿ, ಇವರು ಯಾರು ಹೇಳಿ ನೋಡೋಣ."

ಅಜ್ಜಿ ಅವನ ಕಡೆ ತಿರುಗಿದಳು, ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು. ಇದೂ ತಮಾಷೆಯೇ ಇರಬೇಕು, ನನ್ನ ಬಗ್ಗೆ ಏನೋ ಕೊಂಕು ಬರುತ್ತದೆ ಎಂದು ಹುಡುಗ ಕಾದ. ಅವಳು ಅವನ ಹಣೆ ನೋಡಿದಳು, ಅಂಗಿ ನೋಡಿದಳು, ಕೈಗಳನ್ನು ನೋಡಿದಳು. ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ನಗು ಮೆಲ್ಲಗೆ ಇಳಿಯಿತು. ಡಾಕ್ಟರ ಕಡೆ ಒಮ್ಮೆ, ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ನೆಟ್ಟಗೆ ಕೂತು, ಅವನ ಮೇಲೆ ಕಣ್ಣಿಟ್ಟು, ಬಲಗೈ ಎತ್ತಿ ಕಿವಿ ಮುಟ್ಟಿಕೊಂಡಳು.

ಡಾಕ್ಟರು ಹುಡುಗನನ್ನೇ ನೋಡುತ್ತಿದ್ದರು. ಅವನು ಅವರತ್ತ ನೋಡಲಿಲ್ಲ.

"ದ..." ಎಂದ, ಮೆಲ್ಲಗೆ.

ಅವಳು ಕಾದಳು. ಕೈ ಕಿವಿಯ ಮೇಲೆಯೇ ಇತ್ತು.

"ದನದ ಡಾಕ್ಟ್ರು," ಎಂದು ಪೂರ್ತಿ ಕೊಟ್ಟ.

"ದನದ ಡಾಕ್ಟ್ರು!" ಅಜ್ಜಿಯ ದನಿ ಕೊನೆಯ ಸಾಲಿಗೂ ಮುಟ್ಟುವಂತಿತ್ತು. "ನಮ್ಮ ಹುಡುಗ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

ವಾರದ ಕೊನೆಗೆ ಅವಳ ಹಾಸಿಗೆ, ಕನ್ನಡಿ, ಬಟ್ಟೆಯ ಪೆಟ್ಟಿಗೆ ಎಲ್ಲ ಹಿಂದಿನ ಕಟ್ಟಡಕ್ಕೆ ಹೋದವು. ವಿದ್ಯಾರ್ಥಿಗಳು ಅಲ್ಲಿಗೆ ಬರುವ ಅಗತ್ಯವಿಲ್ಲ ಎಂದು ಮೇಲ್ವಿಚಾರಕಿ ಹೇಳಿದಳು. "ಗೊತ್ತು," ಎಂದು ಹುಡುಗ ತನ್ನ ಕೋಣೆಯ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಅಂಗಳ ದಾಟಿದ. ಅಜ್ಜಿ ಹೊಸ ಕಿಟಕಿಯ ಮುಂದೆ ಕೂತು ದಾದಿಗೆ ಯಾವುದೋ ನಾಟಕದ ಕಥೆ ಹೇಳುತ್ತಿದ್ದಳು. ಅವನು ಮಾತಾಡಿಸಲಿಲ್ಲ. ಕುರ್ಚಿಯನ್ನು ಅವಳ ಪಕ್ಕದಲ್ಲಿ, ಒಂದು ಮಾರು ಹಿಂದಕ್ಕೆ, ಅವಳ ಬಲಗಿವಿ ಕಾಣುವ ಹಾಗೆ ಹಾಕಿಕೊಂಡು ಕೂತ.